ಶೇಕಡಾ ಬಿಡಿ, ಮಕ್ಕಳೆಷ್ಟು ಹೇಳಿ

ಧಾರವಾಡದ ಓದುಗರೊಬ್ಬರು ಸಿಟ್ಟಿನಿಂದಲೇ ಬರೆದಿದ್ದಾರೆ: "ಜರ್ಮನಿಯ ಮಕ್ಕಳಿಗೆ ತಾಯಿಯ ಹಂಬಲ ಕಡಿಮೆಯಂತೆ, ಜಪಾನಿನ ಮಕ್ಕಳು ಸೆರಗೇ ಬಿಡುವುದಿಲ್ಲವಂತೆ. ಅಜ್ಜಿ, ಚಿಕ್ಕಮ್ಮಂದಿರ ಕೈಯಲ್ಲಿ ಬೆಳೆಯುವ ನಮ್ಮ ಮಕ್ಕಳು ಯಾವ ಸಾಲಿಗೆ? ಈ ಪಾಶ್ಚಾತ್ಯ ಪರೀಕ್ಷೆಯನ್ನೇ ಕಿತ್ತೊಗೆಯಬಾರದೇ?"

ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಪರೀಕ್ಷೆಯ ಮೇಲೆ ತೀರಿಸಿಕೊಳ್ಳಬೇಡಿ. ತಾಯಿ-ಮಗುವಿನ ಬಾಂಧವ್ಯ ಅಳೆಯುವ ಈ 'ಅಪರಿಚಿತ ಸನ್ನಿವೇಶ' (Strange Situation) ಪರೀಕ್ಷೆಯನ್ನು ರೂಪಿಸಿದ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್ ಅಮೆರಿಕದ ಬಾಲ್ಟಿಮೋರಿನ ಅಧ್ಯಯನಕ್ಕೂ ಮೊದಲು, 1954-55ರಲ್ಲಿ, ಉಗಾಂಡಾದ ಹಳ್ಳಿಗಳಲ್ಲಿ 26 ಕುಟುಂಬಗಳನ್ನು ಮನೆಗೇ ಹೋಗಿ ನೋಡಿದವರು. ಪರೀಕ್ಷೆಯಲ್ಲಿ ಸುಮಾರು ಒಂದು ವರ್ಷದ ಮಗು ಆಟಿಕೆಗಳ ಕೋಣೆಯಲ್ಲಿರುತ್ತದೆ. ಅಪರಿಚಿತೆ ಬರುತ್ತಾಳೆ, ತಾಯಿ ಎರಡು ಸಲ ಹೊರಗೆ ಹೋಗಿ ಬರುತ್ತಾಳೆ. ಒಟ್ಟು ಎಂಟು ಹಂತ, ಮೊದಲನೆಯದನ್ನು ಬಿಟ್ಟರೆ ಒಂದೊಂದೂ ಸುಮಾರು ಮೂರು ನಿಮಿಷ. ಅತ್ತಿತೇ ಇಲ್ಲವೇ ಎಂಬುದಕ್ಕಿಂತ, ತಾಯಿ ಮರಳಿದಾಗ ಮಗು ಏನು ಮಾಡಿತು ಎಂಬುದೇ ಮುಖ್ಯ. ಬಳಿಗೆ ಹೋಗಿ ಸಮಾಧಾನಗೊಂಡರೆ 'ಸುರಕ್ಷಿತ', ಮುಖ ತಿರುಗಿಸಿದರೆ 'ದೂರವಿಡುವ', ಅಪ್ಪಿಕೊಂಡೂ ಒದ್ದಾಡಿದರೆ 'ಪ್ರತಿರೋಧಿ'.

ಎಡವಟ್ಟಾಗುವುದು ಇಲ್ಲೇ. ಜಪಾನಿನ ಸಪ್ಪೊರೊದಲ್ಲಿ ಸಂಶೋಧಕಿ ಕೆಯ್ಕೊ ತಕಹಾಶಿ ನೋಡಿದ 60 ಮಕ್ಕಳಲ್ಲಿ 'ದೂರವಿಡುವ' ಒಂದೂ ಇರಲಿಲ್ಲ, ಸುಮಾರು ಮೂರನೇ ಒಂದು ಭಾಗ 'ಪ್ರತಿರೋಧಿ'. ಅಲ್ಲಿನ ತಾಯಂದಿರು ಆಗ ಮಗುವನ್ನು ಒಂಟಿಯಾಗಿ ಬಿಡುತ್ತಿದ್ದುದೇ ಅಪರೂಪ. ಮಕ್ಕಳು ಅತ್ತ ಅಳುವಿಗೆ ಮಗು ಕೋಣೆಯಲ್ಲಿ ಒಂಟಿಯಾಗಿರುವ ಹಂತವನ್ನು ಬಹುಪಾಲು ಸಲ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಷ್ಟು ಹೆದರಿದ ಮಗು ಮೂರು ನಿಮಿಷದಲ್ಲಿ ಹೇಗೆ ಸಮಾಧಾನಗೊಳ್ಳಬೇಕು? ಅಲ್ಲಿ ಅಳೆದದ್ದು ಗಾಬರಿಯನ್ನು, ಬಾಂಧವ್ಯವನ್ನಲ್ಲ. ಇನ್ನು ನಿಮ್ಮ 'ತಣ್ಣನೆಯ ಜರ್ಮನಿ'. ಬೀಲೆಫೆಲ್ಡಿನಲ್ಲಿ ನೋಡಿದ್ದು 49 ಮಕ್ಕಳನ್ನು, ಅವರಲ್ಲಿ ಅರ್ಧದಷ್ಟು 'ದೂರವಿಡುವ'. ಅದೇ ದೇಶದ ರೇಗನ್ಸ್‌ಬರ್ಗಿನಲ್ಲಿ 'ಸುರಕ್ಷಿತ'ರದೇ ಬಹುಮತ!

1988ರಲ್ಲಿ ಸಂಶೋಧಕರಾದ ವಾನ್ ಐಜೆಂಡೂರ್ನ್ ಮತ್ತು ಕ್ರೂನೆನ್‌ಬರ್ಗ್ ಎಂಟು ದೇಶಗಳ 32 ಅಧ್ಯಯನಗಳನ್ನು ಒಟ್ಟುಗೂಡಿಸಿದರು. ದೇಶದೇಶಗಳ ನಡುವಿನ ವ್ಯತ್ಯಾಸಕ್ಕಿಂತ ಒಂದೇ ದೇಶದೊಳಗಿನ ವ್ಯತ್ಯಾಸ ಸುಮಾರು ಒಂದೂವರೆ ಪಟ್ಟು. 18 ಅಧ್ಯಯನಗಳು ಅಮೆರಿಕದವೇ. ಚೀನಾದ ಪರವಾಗಿ ಮಾತಾಡಿದ್ದು 36 ಮಕ್ಕಳು. ಪಟ್ಟಿಯಲ್ಲಿ ಭಾರತ ಇರಲೇ ಇಲ್ಲ. ನಿಮ್ಮ ಮಕ್ಕಳು ಯಾವ ಸಾಲಿನಲ್ಲೂ ಇಲ್ಲ, ನಿಶ್ಚಿಂತೆಯಿಂದಿರಿ.

ಅಜ್ಜಿಯ ಪ್ರಶ್ನೆ ಮಾತ್ರ ತೂಕದ್ದು. ಇಸ್ರೇಲಿನಲ್ಲಿ ಒಟ್ಟಾಗಿ ದುಡಿದು ಬಾಳುವ ಹಳ್ಳಿಗಳಾದ ಕಿಬ್ಬುತ್ಸ್‌ಗಳಲ್ಲಿ ಸಗಿ ಎಂಬ ಸಂಶೋಧಕರ ತಂಡ ತಾಯಿ, ತಂದೆ, ಮಗುವನ್ನು ನೋಡಿಕೊಳ್ಳುವಾಕೆ ಮೂವರೊಂದಿಗೂ ಇದೇ ಪರೀಕ್ಷೆ ನಡೆಸಿತು. ಕೂಡುಕುಟುಂಬದ ಮಗುವಿನ ಬಗ್ಗೆ ಯಾರಾದರೂ ತೀರ್ಪು ಕೊಟ್ಟರೆ, ಅಜ್ಜಿಯೊಂದಿಗೆ ನೋಡಿದಿರಾ, ಒಂಟಿ ಹಂತವನ್ನು ಎಷ್ಟು ಸಲ ನಿಲ್ಲಿಸಿದಿರಿ, ಮಗುವಿನ ವರ್ತನೆ ನೋಡಿ ಅಂಕ ಕೊಟ್ಟ ಇಬ್ಬರಲ್ಲಿ ಒಮ್ಮತವಿತ್ತೇ ಎಂದು ಕೇಳಿ.

ನಮ್ಮ ಪತ್ರಿಕೆಗಳ 'ಜಪಾನಿ ತಾಯಂದಿರ ಗುಟ್ಟು' ಅಂಕಣಗಳು ಇವನ್ನೆಲ್ಲ ಕೇಳುವುದಿಲ್ಲ. ನಮ್ಮ ವಿಶ್ವವಿದ್ಯಾಲಯಗಳಾದರೂ ಕೇಳುತ್ತವೆಯೇ? ಐನ್ಸ್‌ವರ್ತ್ ಉಗಾಂಡಾದಲ್ಲಿ ಎರಡು ವಾರಕ್ಕೊಮ್ಮೆ ಎರಡು ಗಂಟೆ ಮನೆಯಲ್ಲಿ ಕೂತು ನೋಡುತ್ತಿದ್ದರು. ಇಲ್ಲಿ ಶಿಶುವಿಹಾರದ ಬಾಗಿಲಲ್ಲಿ ಪ್ರಶ್ನಾವಳಿ ಹಂಚಿದರೆ ಪಿಎಚ್.ಡಿ. ಮುಗಿಯಿತು.

— ಸಂ.