ಅಮೆರಿಕದ ಆರೋಗ್ಯ ಕಾನೂನು ನನ್ನ ಎಫ್‌ಡಿಗೆ ಕೈ ಹಾಕುತ್ತದೆಯೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಮಗ ನ್ಯೂಜೆರ್ಸಿಯಲ್ಲಿದ್ದಾನೆ. ನನಗೂ ನನ್ನ ಹೆಂಡತಿಗೂ ಗ್ರೀನ್ ಕಾರ್ಡ್ ವೀಸಾ ಆಗಿದೆ, ಬರುವ ತಿಂಗಳು ಹೊರಡುತ್ತೇವೆ. ಅಲ್ಲಿ ಆರೋಗ್ಯ ವಿಮೆ ಮಾಡಿಸಲೇಬೇಕು ಅಂತಾನೆ ಮಗ. ಆದರೆ ವಾಕಿಂಗ್ ಗೆಳೆಯರೊಬ್ಬರು ವಾಟ್ಸಾಪ್‌ನಲ್ಲಿ ಒಂದು ಸಂದೇಶ ಕಳಿಸಿದ್ದಾರೆ. ಒಬಾಮಾ ತಂದ ಆರೋಗ್ಯ ಕಾನೂನಿನ 58, 59ನೇ ಪುಟದ ಪ್ರಕಾರ ಸರ್ಕಾರ ಜನರ ಬ್ಯಾಂಕ್ ಖಾತೆಯನ್ನು ನೇರವಾಗಿ ನೋಡಬಹುದು, ದುಡ್ಡೂ ತೆಗೆಯಬಹುದು ಅಂತ ಅದರಲ್ಲಿದೆ. ನನ್ನ ಗ್ರಾಚ್ಯುಟಿ, ಪಿಎಫ್ ಹಣವೆಲ್ಲ ಇಲ್ಲಿ ಎಫ್‌ಡಿಯಲ್ಲಿದೆ. ಹೆಂಡತಿಗೆ ರಾತ್ರಿ ನಿದ್ದೆ ಬರುತ್ತಿಲ್ಲ. ನಿಜ ಏನು?
– ಹೆಸರು ಬೇಡ, ಮೈಸೂರು

ಉತ್ತರ: ಮೇಷ್ಟ್ರೇ, ಮೊದಲು ನಿಮ್ಮ ಮನೆಯವರಿಗೆ ಹೇಳಿ, ಆ ಸಂದೇಶ ಸುಳ್ಳು. ವಿಮೆ ಮಾಡಿಸಿದರೆ ಯಾರೂ ನಿಮ್ಮ ಎಫ್‌ಡಿ ಮುಟ್ಟುವುದಿಲ್ಲ. ಆದರೆ ಎಫ್‌ಡಿ ಬಗ್ಗೆ ನೀವು ತಿಳಿದಿರಲೇಬೇಕಾದ ಬೇರೆ ಒಂದು ವಿಷಯ ಇದೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ನ್ಯೂಜೆರ್ಸಿಯ ಒಂದು ಆಸ್ಪತ್ರೆಯ ಬಿಲ್ಲಿಂಗ್ ಆಫೀಸಿನಲ್ಲಿ 22 ವರ್ಷ ಕೆಲಸ ಮಾಡಿದವಳು. ನಿಮಗೆ ಬಂದ ಸಂದೇಶ ನನಗೆ ಹಳೆಯ ಪರಿಚಯ. 2009ರ ಆಗಸ್ಟ್‌ನಲ್ಲಿ ಅದು ಇಮೇಲ್ ಆಗಿ ಅಮೆರಿಕದಲ್ಲೆಲ್ಲ ಓಡಾಡುತ್ತಿತ್ತು. ಎಪ್ಪತ್ತು ದಾಟಿದ ಅಮೆರಿಕದ ಅಜ್ಜ ಒಬ್ಬರು ಅದರ ಪ್ರಿಂಟ್ ಹಿಡಿದುಕೊಂಡು ನನ್ನ ಕೌಂಟರಿಗೆ ಬಂದಿದ್ದರು. ಒಂದು ಸಾಲಿಗೆ ಹಳದಿ ಬಣ್ಣ ಬಳಿದಿದ್ದರು. ಕೈ ನಡುಗುತ್ತಿತ್ತು. ಹೆಂಡತಿಯ ಕ್ಯಾನ್ಸರ್ ಚಿಕಿತ್ಸೆಗೆ ಇಟ್ಟ ಹಣ ಸರ್ಕಾರದ ಪಾಲಾಗುತ್ತದಾ ಅಂತ ಅವರ ಭಯ. ಆ ಮುಖ ನನಗೆ ಇವತ್ತಿಗೂ ನೆನಪಿದೆ. ಅದಕ್ಕೇ ನಿಮ್ಮ ಪತ್ರ ಓದಿದ ಕೂಡಲೇ ಬರೆಯಲು ಕುಳಿತೆ.

ಆ ಸಾಲಿನಲ್ಲಿ ಇದ್ದದ್ದು ಏನು ಗೊತ್ತಾ? ಆಗ ಸಂಸತ್ತಿನ ಕೆಳಮನೆಯಲ್ಲಿದ್ದ ಎಚ್‌.ಆರ್. 3200 ಎಂಬ ಮಸೂದೆಯ ಮಾತು ಅದು. ಸಾವಿರ ಪುಟಕ್ಕೂ ಜಾಸ್ತಿ ಇದ್ದ ಮಸೂದೆ. ಅದರಲ್ಲಿ 'ಫೈನಾನ್ಶಿಯಲ್ ರೆಸ್ಪಾನ್ಸಿಬಿಲಿಟಿ' ಎಂಬ ಎರಡು ಪದ ಇತ್ತು. ಅದು ನಮ್ಮ ಬಿಲ್ಲಿಂಗ್ ಆಫೀಸಿನ ದಿನನಿತ್ಯದ ಮಾತು. ಒಂದು ಸ್ಕ್ಯಾನಿಂಗ್‌ಗೆ 1,000 ಡಾಲರ್ ಅಂತ ಇಟ್ಟುಕೊಳ್ಳಿ. ಅದರಲ್ಲಿ ವಿಮೆ ಕಂಪನಿ 800 ಕೊಡುತ್ತದೆ, ಉಳಿದ 200 ರೋಗಿಯ ಪಾಲು. ಆ 200ಕ್ಕೆ ನಾವು ಹೇಳುವ ಹೆಸರು ಅದು. ನಿಮ್ಮ ಪಾಲು ಎಷ್ಟು ಅಂತ ಕೌಂಟರಿನಲ್ಲೇ, ಸಾಧ್ಯವಾದರೆ ಚಿಕಿತ್ಸೆಗೂ ಮೊದಲೇ ಗೊತ್ತಾಗಬೇಕು ಅಂತ ಮಸೂದೆ ಹೇಳಿತ್ತು. ಅದನ್ನೇ 'ನಿಮ್ಮ ಹಣಕಾಸನ್ನು ಸರ್ಕಾರ ನೋಡುತ್ತದೆ' ಅಂತ ಯಾರೋ ಓದಿಕೊಂಡರು. ಇನ್ನು 59ನೇ ಪುಟದ ಹಣ ವರ್ಗಾವಣೆ? ಅದು ವಿಮೆ ಕಂಪನಿ ಆಸ್ಪತ್ರೆಗೆ ಚೆಕ್ ಬದಲು ನೇರ ಬ್ಯಾಂಕಿಗೆ ಹಣ ಹಾಕುವ ವ್ಯವಸ್ಥೆ. ನನ್ನ ಮೇಜಿನ ಮೇಲೆ ದಿನಾ ಚೆಕ್ಕುಗಳ ಕಟ್ಟು ಬೀಳುತ್ತಿತ್ತು. ಯಾವ ಚೆಕ್ ಯಾವ ರೋಗಿಯದು ಅಂತ ಹೊಂದಿಸುವುದರಲ್ಲೇ ಮಧ್ಯಾಹ್ನ ಆಗುತ್ತಿತ್ತು. ಆ ಕಷ್ಟ ತಪ್ಪಿಸುವ ನಿಯಮ ಅದು. ರೋಗಿಯ ಖಾತೆಗೂ ಅದಕ್ಕೂ ಸಂಬಂಧವೇ ಇಲ್ಲ.

ಎಚ್‌.ಆರ್. 3200 ಕಾನೂನೇ ಆಗಲಿಲ್ಲ. 2010ರ ಮಾರ್ಚ್ 23ರಂದು ಒಬಾಮಾ ಸಹಿ ಹಾಕಿದ್ದು ಬೇರೆ ಮಸೂದೆಗೆ. ಬಿಲ್ಲಿಂಗ್‌ಗೆ ಸಂಬಂಧಿಸಿದ ಇಂಥದ್ದೇ ನಿಯಮ ಅದರಲ್ಲೂ ಇದೆ, ಅರ್ಥವೂ ಇದೇ.

ಹಾಗಂತ ಸರ್ಕಾರ ಏನೂ ನೋಡುವುದಿಲ್ಲ ಅಂತ ನಾನು ಹೇಳಲ್ಲ. ಸಬ್ಸಿಡಿ ಕೇಳಿ ವಿಮೆಗೆ ಅರ್ಜಿ ಹಾಕಿದರೆ ವರ್ಷದ ಆದಾಯ ಹೇಳಬೇಕು. ಅದನ್ನು ತೆರಿಗೆ ಇಲಾಖೆಯ ಲೆಕ್ಕದ ಜೊತೆ ತಾಳೆ ನೋಡುತ್ತಾರೆ. ನಿಮ್ಮ ಎಫ್‌ಡಿ ಬಡ್ಡಿ ಆದಾಯ ಅಂತ ಲೆಕ್ಕ, ಅಸಲು ಅಲ್ಲ. ಬ್ಯಾಂಕಿನಲ್ಲಿ ಎಷ್ಟಿದೆ ಅಂತ ಆ ಅರ್ಜಿಯಲ್ಲಿ ಕೇಳುವುದೇ ಇಲ್ಲ. ಪ್ರೀಮಿಯಂ ತಾನಾಗೇ ಕಟ್ಟಿಹೋಗಲಿ ಅಂತ ಖಾತೆ ನಂಬರ್ ಕೊಡುವುದು, ಬಿಡುವುದು ನಿಮ್ಮ ಇಷ್ಟ. ಕಾನೂನಿನ ಹೆಸರು ಹೇಳಿ ಯಾರಾದರೂ ಫೋನ್ ಮಾಡಿ ಖಾತೆ ನಂಬರ್ ಕೇಳಿದರೆ ಮಾತ್ರ ತಕ್ಷಣ ಫೋನ್ ಇಟ್ಟುಬಿಡಿ.

ಬಡವರಿಗಾಗಿ ಇರುವ ಮೆಡಿಕೇಡ್ ವಿಷಯ ಬೇರೆ. 65 ದಾಟಿದವರು ಅದಕ್ಕೆ ಅರ್ಜಿ ಹಾಕಿದರೆ ಉಳಿತಾಯವನ್ನೂ ನೋಡುತ್ತಾರೆ, ಬ್ಯಾಂಕುಗಳನ್ನು ಕೇಳಿ ಪರಿಶೀಲಿಸುತ್ತಾರೆ. ಅದಕ್ಕೆ ಅರ್ಜಿದಾರರ ಒಪ್ಪಿಗೆ ಬೇಕು. ಆ ನಿಯಮ 2008ರದ್ದು, ಒಬಾಮಾ ಬರುವ ಮೊದಲಿನದು. ಹೊಸದಾಗಿ ಗ್ರೀನ್ ಕಾರ್ಡ್ ಪಡೆದವರಿಗೆ ಸಾಮಾನ್ಯವಾಗಿ ಐದು ವರ್ಷ ಅದು ಸಿಗುವುದಿಲ್ಲ. ಹಾಗಾಗಿ ಸದ್ಯಕ್ಕೆ ನಿಮಗೆ ಅದರ ಯೋಚನೆ ಬೇಡ.

ವಿಮೆ ಮಾಡಿಸದಿದ್ದರೆ ಏನಾಗುತ್ತದೆ? ಅಮೆರಿಕದ ಕೇಂದ್ರ ಸರ್ಕಾರದ ದಂಡ 2019ರಿಂದ ಸೊನ್ನೆ. ಅದು ಇದ್ದಾಗಲೂ ಅದಕ್ಕಾಗಿ ಬ್ಯಾಂಕ್ ಖಾತೆ ಜಪ್ತಿ ಮಾಡುವ ಹಾಗಿಲ್ಲ ಅಂತ ಕಾನೂನಿನಲ್ಲೇ ಬರೆದಿತ್ತು. ಆದರೆ ನ್ಯೂಜೆರ್ಸಿ 2019ರಿಂದ ತನ್ನದೇ ದಂಡ ಇಟ್ಟಿದೆ, ಅದು ರಾಜ್ಯದ ತೆರಿಗೆಯ ಜೊತೆ ಬರುತ್ತದೆ. ನಿಮ್ಮ ಮಗ ಹೇಳುತ್ತಿರುವುದು ಸರಿ. ದಂಡಕ್ಕಿಂತ ಜಾಸ್ತಿ ಹೆದರಬೇಕಾದ್ದು ಆಸ್ಪತ್ರೆ ಬಿಲ್ಲಿಗೆ. ವಿಮೆ ಇಲ್ಲದ ಅಪ್ಪ ಅಮ್ಮಂದಿರ ಬಿಲ್ ಹಿಡಿದು ಅತ್ತ ಮಕ್ಕಳನ್ನು ನಾನು ಆ ಕೌಂಟರಿನಲ್ಲಿ ಎಷ್ಟೋ ಸಲ ನೋಡಿದ್ದೇನೆ.

ಈಗ ಆಗಲೇ ಹೇಳಿದ ವಿಷಯಕ್ಕೆ ಬರುತ್ತೇನೆ. 2010ರ ಮಾರ್ಚ್ 18ರಂದು, ಅಂದರೆ ಆರೋಗ್ಯ ಕಾನೂನಿಗೆ ಐದು ದಿನ ಮೊದಲು, ಒಬಾಮಾ ಇನ್ನೊಂದು ಕಾನೂನಿಗೆ ಸಹಿ ಹಾಕಿದರು. ಅದರೊಳಗೆ ಫ್ಯಾಟ್ಕಾ ಇತ್ತು, ಅಂದರೆ ಅಮೆರಿಕಕ್ಕೆ ತೆರಿಗೆ ಲೆಕ್ಕ ಕೊಡಬೇಕಾದವರ ಹೊರದೇಶದ ಖಾತೆಗಳ ವಿವರ ತರಿಸಿಕೊಳ್ಳುವ ನಿಯಮ. ಭಾರತ ಅದಕ್ಕೆ 2015ರ ಜುಲೈ 9ರಂದು ಒಪ್ಪಂದ ಮಾಡಿಕೊಂಡಿತು. ಬ್ಯಾಂಕಿನಲ್ಲಿ 'ಫ್ಯಾಟ್ಕಾ ಡಿಕ್ಲರೇಶನ್' ಅಂತ ಸಹಿ ಹಾಕಿಸಿಕೊಳ್ಳುತ್ತಾರಲ್ವಾ, ಅದು ಇದೇ. ಗ್ರೀನ್ ಕಾರ್ಡ್ ಇದ್ದವರ ಖಾತೆಯ ವಿವರವನ್ನು ನಮ್ಮ ಬ್ಯಾಂಕ್ ಭಾರತದ ಆದಾಯ ತೆರಿಗೆ ಇಲಾಖೆಗೆ ಕೊಡುತ್ತದೆ, ಅಲ್ಲಿಂದ ಅದು ಅಮೆರಿಕದ ತೆರಿಗೆ ಇಲಾಖೆಗೆ ಹೋಗುತ್ತದೆ. ಮೈಸೂರಿನ ಎಫ್‌ಡಿ ಅಮೆರಿಕಕ್ಕೆ ಕಾಣುವುದು ಈ ದಾರಿಯಲ್ಲಿ. ಇದನ್ನು ಯಾವ ವಾಟ್ಸಾಪ್ ಸಂದೇಶವೂ ಹೇಳುವುದಿಲ್ಲ, ಅದೇ ನನ್ನ ಸಂಕಟ. ಇಲ್ಲದ ಭಯಕ್ಕೆ ನಿದ್ದೆಗೆಟ್ಟು, ಇರುವ ನಿಯಮ ಗೊತ್ತಿಲ್ಲದೆ ತೊಂದರೆಗೆ ಸಿಕ್ಕವರು ನಮ್ಮಲ್ಲೇ ಇದ್ದಾರೆ.

ಇದರಲ್ಲೂ ಅವರು ಹಣ ತೆಗೆಯುವುದಿಲ್ಲ, ಗಾಬರಿ ಬೇಡ. ನೀವು ಮುಚ್ಚಿಡಬಾರದು ಅಷ್ಟೇ. ನಿಮ್ಮ ಭಾರತದ ಖಾತೆಗಳ ಮೊತ್ತ ಎಲ್ಲ ಸೇರಿ ವರ್ಷದಲ್ಲಿ ಒಂದು ದಿನವಾದರೂ 10,000 ಡಾಲರ್ ದಾಟಿದರೆ, ಅಂದರೆ ಸುಮಾರು ಎಂಟೊಂಬತ್ತು ಲಕ್ಷ ರೂಪಾಯಿ, ಅಮೆರಿಕ ಸರ್ಕಾರಕ್ಕೆ ಎಫ್‌ಬಾರ್ ಎಂಬ ವರದಿ ಕೊಡಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ಫೀಸಿಲ್ಲ. ಏಪ್ರಿಲ್ 15ಕ್ಕೆ ಆಗದಿದ್ದರೆ ಅಕ್ಟೋಬರ್ 15ರವರೆಗೆ ಸಮಯ ಇರುತ್ತದೆ. ಕೊಡದೆ ಬಿಟ್ಟರೆ ದಂಡ ದೊಡ್ಡದು. ಎಫ್‌ಡಿ ಬಡ್ಡಿಯನ್ನು ಅಮೆರಿಕದ ತೆರಿಗೆ ರಿಟರ್ನ್‌ನಲ್ಲೂ ತೋರಿಸಬೇಕು. ಇಲ್ಲಿ ಕಟ್ಟಿದ ತೆರಿಗೆಗೆ ಅಲ್ಲಿ ವಿನಾಯಿತಿ ಕೇಳಬಹುದು.

ಹೊರಡುವ ಮೊದಲು ಒಂದು ನೋಟ್‌ಬುಕ್ ಮಾಡಿ. ಯಾವ ಬ್ಯಾಂಕ್, ಯಾವ ಖಾತೆ, ವರ್ಷದಲ್ಲಿ ಅತಿ ಹೆಚ್ಚು ಎಷ್ಟು ಇತ್ತು, ಬಡ್ಡಿ ಎಷ್ಟು, ಟಿಡಿಎಸ್ ಎಷ್ಟು ಅಂತ ಬರೆದಿಡಿ. ಜಾಯಿಂಟ್ ಖಾತೆಗಳನ್ನು ನಿಮ್ಮ ಮನೆಯವರ ಹೆಸರಿನಲ್ಲೂ ಬರೆಯಿರಿ, ಅವರ ಲೆಕ್ಕ ಬೇರೆಯೇ ಬರುತ್ತದೆ. ಹಾಗೇ ಬ್ಯಾಂಕಿಗೆ ಒಂದು ಸಲ ಹೋಗಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಹೊರದೇಶದಲ್ಲಿ ನೆಲೆಸಿದವರ ರೂಪಾಯಿ ಖಾತೆ, ಮಾಡಿಸುವ ಬಗ್ಗೆ ಕೇಳಿ. ಆ ನೋಟ್‌ಬುಕ್ ಸೂಟ್‌ಕೇಸಿಗೆ ಬೇಡ, ಕೈಚೀಲದಲ್ಲೇ ಇರಲಿ.