ಒಂದೇ ಪೇಪರ್ ಎರಡು ಜರ್ನಲ್‌ಗೆ ಕಳಿಸಿದರೆ ತಪ್ಪೇನು?

ನಿಮ್ಮ ಪ್ರಶ್ನೆಯಲ್ಲಿ ಎರಡು ವಿಷಯಗಳಿವೆ. ಬೇಗ ಆಗಲಿ ಅಂತ ಒಂದೇ ಸಂಶೋಧನಾ ಪೇಪರನ್ನು ಎರಡು ಜರ್ನಲ್‌ಗೆ ಕಳಿಸಿದ್ದೀರಿ, ಅದರಲ್ಲಿ ತಪ್ಪೇನು ಅಂತ ಒಂದು. ಕೆಲಸಕ್ಕೆ ಕೈಯೇ ಹಾಕದ ಹಿರಿಯರೊಬ್ಬರ ಹೆಸರು ಸೇರಿಸಿ ಅಂತ ಒತ್ತಡ ಇದೆ, ಸೇರಿಸಬಹುದೇ ಅಂತ ಇನ್ನೊಂದು. ಕೊನೆಗೆ, ಈ ಎಥಿಕ್ಸ್ ಎಲ್ಲ ಸುಮ್ನೆ ಫಾರ್ಮ್ ತುಂಬುವ ಶಾಸ್ತ್ರ ಅಲ್ವಾ ಅಂತಲೂ ಕೇಳಿದ್ದೀರಿ. ನಾನು ಪೇಪರ್ ಬರೆಯುತ್ತೇನೆ, ಬೇರೆಯವರ ಪೇಪರ್ ರಿವ್ಯೂ ಮಾಡುತ್ತೇನೆ, ಅಂದರೆ ಪ್ರಕಟಿಸುವ ಮೊದಲು ಓದಿ ಪರಿಶೀಲಿಸುತ್ತೇನೆ, ಒಂದು ಜರ್ನಲ್‌ನ ಸಂಪಾದಕ ಮಂಡಳಿಯಲ್ಲೂ ಇದ್ದೇನೆ. ಎರಡೂ ಬೇಡ ಅನ್ನುವುದೇ ನನ್ನ ಉತ್ತರ. ಕಾರಣ ಹೇಳದೆ ಬೇಡ ಅಂದರೆ ನಾನೂ ಕೇಳುತ್ತಿರಲಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿ ಬರೆಯುತ್ತೇನೆ.

ಸಂಪಾದಕರಿಗೆ ಪೊಲೀಸ್ ಅಧಿಕಾರವೇನೂ ಇಲ್ಲ. ಯಾರೂ ನಿಮ್ಮ ಲ್ಯಾಬ್‌ಗೆ ಬಂದು ನೋಡುವುದಿಲ್ಲ. ಎಷ್ಟೋ ಸಲ ರಿವ್ಯೂ ಮಾಡುವವರಿಗೆ ಮೂಲ ಡೇಟಾ ಕೂಡ ಸಿಗುವುದಿಲ್ಲ. ನೀವು ಬರೆದದ್ದು ನಿಜಕ್ಕೂ ನಡೆದಿದೆ ಅಂತ ನಂಬಿಕೊಂಡೇ ಓದುತ್ತಾರೆ. ಅದಕ್ಕೇ ಈ ನಿಯಮಗಳಲ್ಲಿ ಹೆಚ್ಚಿನವು ಕೇಳುವುದು ಒಂದೇ ಮಾತು: ಓದುವವರಿಗೆ ಗೊತ್ತಿರಬೇಕಾದ್ದನ್ನು ನೀವು ಮುಚ್ಚಿಟ್ಟಿದ್ದೀರಾ? ಹೇಳಿ ಮಾಡಿದರೆ ಬಹಳಷ್ಟಕ್ಕೆ ತಕರಾರಿಲ್ಲ. ಪ್ರಿಪ್ರಿಂಟ್, ಅಂದರೆ ರಿವ್ಯೂಗೆ ಮೊದಲಿನ ಪ್ರತಿಯನ್ನು ಆನ್‌ಲೈನ್‌ನಲ್ಲಿ ಹಾಕಿದ್ದೀರಾ? ಈಗ ಎಷ್ಟೋ ಜರ್ನಲ್‌ಗಳು ಒಪ್ಪುತ್ತವೆ, ತಿಳಿಸಿ ಸಾಕು. ಅದೇ ಕೆಲಸದ ಸಾರಾಂಶವನ್ನು ಸಮ್ಮೇಳನದಲ್ಲಿ ಓದಿದ್ದೀರಾ? ತಿಳಿಸಿ. ಪೇಪರನ್ನು ಇನ್ನೊಂದು ಭಾಷೆಯಲ್ಲಿ ಪ್ರಕಟಿಸಬೇಕಾ? ಎರಡೂ ಕಡೆಯ ಸಂಪಾದಕರು ಒಪ್ಪಿ, ಮೂಲ ಎಲ್ಲಿದೆ ಅಂತ ಬರೆದರೆ ಅದೂ ಆಗುತ್ತದೆ.

ನೀವು ಮಾಡಿದ್ದು ಮಾತ್ರ ಹೇಳದೆ ಮಾಡಿದ್ದು. ಸಲ್ಲಿಸುವಾಗ 'ಈ ಪೇಪರ್ ಬೇರೆಲ್ಲೂ ಪರಿಶೀಲನೆಯಲ್ಲಿಲ್ಲ' ಅನ್ನುವ ಒಂದು ಸಾಲಿಗೆ ಟಿಕ್ ಹಾಕಿರುತ್ತೀರಿ, ನೋಡಿ. ರಿವ್ಯೂ ಮಾಡುವವರಿಗೆ ಸಾಮಾನ್ಯವಾಗಿ ಸಂಬಳ ಇರುವುದಿಲ್ಲ. ರಾತ್ರಿ, ಭಾನುವಾರ ಕೂತು ಓದುತ್ತಾರೆ. ಎರಡು ಕಡೆ ಕಳಿಸಿದರೆ ಒಂದು ತಂಡದ ಕೆಲಸ ಪೂರ್ತಿ ವ್ಯರ್ಥ. ಆದರೆ ಇದು ಚಿಕ್ಕ ತೊಂದರೆ. ಎರಡೂ ಜರ್ನಲ್‌ಗಳು ಪ್ರಕಟಿಸಿಬಿಟ್ಟರೆ ಅಸಲಿ ತೊಂದರೆ ಶುರು.

ಆನ್‌ಡಾನ್‌ಸೆಟ್ರಾನ್ ಅಂತ ಒಂದು ಔಷಧಿ ಇದೆ, ಆಪರೇಷನ್ ಆದಮೇಲಿನ ವಾಂತಿಗೆ ಕೊಡುತ್ತಾರೆ. ಅದರ ಪ್ರಯೋಗಗಳನ್ನೆಲ್ಲ ಒಟ್ಟುಹಾಕಿ ಲೆಕ್ಕ ಮಾಡಿದ ಸಂಶೋಧಕರು 1997ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ವಿಷಯ ತೋರಿಸಿದರು. ಒಂದೇ ರೋಗಿಗಳ ಡೇಟಾ ಬೇರೆ ಬೇರೆ ಪೇಪರ್‌ಗಳಲ್ಲಿ, ಬೇರೆ ಲೇಖಕರ ಹೆಸರಲ್ಲಿ, ಮೂಲದ ಸುಳಿವೇ ಕೊಡದೆ ಬಂದಿತ್ತು. ಈ ನಕಲುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಔಷಧಿಯ ಪರಿಣಾಮ ಶೇಕಡಾ 23ರಷ್ಟು ಜಾಸ್ತಿ ಕಾಣುತ್ತಿತ್ತು. ಡೇಟಾ ಸುಳ್ಳು ಅಂತ ಅಲ್ಲ. ಎರಡೆರಡು ಸಲ ಎಣಿಕೆಗೆ ಬಂತು, ಅಷ್ಟೇ. ಅಷ್ಟಕ್ಕೇ ಡಾಕ್ಟರಿಗೆ ಸಿಗುವ ಉತ್ತರ ತಪ್ಪಾಯಿತು. ನಿಮ್ಮದು ವೈದ್ಯಕೀಯ ಅಲ್ಲದೆ ಇರಬಹುದು. ಆದರೂ ನಾಳೆ ಯಾರೋ ನಿಮ್ಮ ವಿಷಯದ ಪೇಪರ್‌ಗಳನ್ನು ಒಟ್ಟು ಸೇರಿಸಿ ಎಣಿಸುತ್ತಾರೆ.

ಇನ್ನು ಹೆಸರಿನ ವಿಷಯ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ ಐಸಿಎಂಜೆಇ, ಲೇಖಕ ಅನ್ನಿಸಿಕೊಳ್ಳಲು ನಾಲ್ಕು ಷರತ್ತು ಇಟ್ಟಿದೆ. ಯೋಜನೆಯಲ್ಲೋ ಡೇಟಾದಲ್ಲೋ ಗಣನೀಯ ಪಾಲು ಇರಬೇಕು. ಬರೆದಿರಬೇಕು, ಇಲ್ಲವೇ ಗಂಭೀರವಾಗಿ ತಿದ್ದಿರಬೇಕು. ಅಂತಿಮ ರೂಪ ಒಪ್ಪಿರಬೇಕು. ಪೂರ್ತಿ ಕೆಲಸಕ್ಕೆ ಜವಾಬ್ದಾರಿ ಹೊರಬೇಕು. ನಾಲ್ಕೂ ಬೇಕು, ಒಂದೆರಡು ಸಾಲದು. ದುಡ್ಡು ತಂದವರು, ಲ್ಯಾಬ್ ಕೊಟ್ಟವರು, ವಿಭಾಗದ ಮುಖ್ಯಸ್ಥರು: ಇಷ್ಟಕ್ಕೇ ಇವರು ಲೇಖಕರಾಗುವುದಿಲ್ಲ, ಕೃತಜ್ಞತೆಯ ಭಾಗದಲ್ಲಿ ಬರುತ್ತಾರೆ. ಚಾಟ್‌ಬಾಟ್ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಹಾಕಬಾರದು ಅನ್ನುವುದೂ ಇದೇ ಕಾರಣಕ್ಕೆ. ಅದು ಜವಾಬ್ದಾರಿ ಹೊರಲಾರದು.

ಹಿರಿಯರಿಗೆ 'ನಿಮ್ಮ ಹೆಸರು ಹಾಕಲ್ಲ' ಅನ್ನುವುದು ಹೇಳಿದಷ್ಟು ಸುಲಭ ಅಲ್ಲ, ಗೊತ್ತು. ಅವರ ಸಹಿ ಇಲ್ಲದೆ ನಿಮ್ಮ ಕೆಲಸ ಮುಂದೆ ಹೋಗದೆ ಇರಬಹುದು. ಅಂಥವರಿಗೆ ನೀತಿ ಬೋಧಿಸಬೇಡಿ, ಅಪಾಯ ತೋರಿಸಿ. ದಕ್ಷಿಣ ಕೊರಿಯಾದ ವಿಜ್ಞಾನಿ ಹ್ವಾಂಗ್ ವೂ-ಸುಕ್ ಅವರ ಸ್ಟೆಮ್ ಸೆಲ್ ಪೇಪರ್ 2005ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂತು. ಹಿರಿಯ ಲೇಖಕರಾಗಿ ಇದ್ದವರು ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಜೆರಾಲ್ಡ್ ಶ್ಯಾಟನ್. ಬರವಣಿಗೆಯಲ್ಲಿ ಅವರ ಪಾಲು ದೊಡ್ಡದು, ಪ್ರಯೋಗ ಮಾತ್ರ ಅವರು ಮಾಡಿರಲಿಲ್ಲ. ಡೇಟಾ ನಕಲಿ ಅನ್ನುವ ಅನುಮಾನ ಎದ್ದಾಗ ಶ್ಯಾಟನ್ ನನ್ನ ಹೆಸರು ತೆಗೆಯಿರಿ ಅಂದರು. ಪ್ರಕಟವಾದ ಮೇಲೆ ಒಬ್ಬರೇ ಹಾಗೆ ಹೊರಗೆ ಹೋಗಲು ಬರುವುದಿಲ್ಲ ಅಂತ ಪತ್ರಿಕೆ ಹೇಳಿತು. 2006ರ ಜನವರಿಯಲ್ಲಿ ಪತ್ರಿಕೆ ಪೇಪರನ್ನೇ ಹಿಂದಕ್ಕೆ ಪಡೆಯಿತು. ಶ್ಯಾಟನ್ ಅವರ ವಿಶ್ವವಿದ್ಯಾಲಯದ ತನಿಖೆ, ಅವರು ಡೇಟಾ ಸೃಷ್ಟಿಸಿಲ್ಲ ಅಂದರೂ ಹಿರಿಯ ಲೇಖಕನ ಜವಾಬ್ದಾರಿಯಿಂದ ನುಣುಚಿಕೊಂಡಿದ್ದಾರೆ ಅಂತ ಬರೆಯಿತು. ಅಷ್ಟು ಬರೆದವರ ಕಥೆಯೇ ಹೀಗೆ. ಒಂದು ಸಾಲೂ ಓದದೆ ಹೆಸರು ಹಾಕಿಸಿಕೊಳ್ಳುವವರು ಏನು ಮಾಡುತ್ತಾರೆ?

ಇನ್ನೊಂದು ದಾರಿ: ಎಷ್ಟೋ ಜರ್ನಲ್‌ಗಳು ಈಗ ಯಾರು ಏನು ಮಾಡಿದರು ಅಂತ ಕೇಳುತ್ತವೆ. ಕ್ರೆಡಿಟ್ ಅನ್ನುವ ಪದ್ಧತಿಯಲ್ಲಿ 14 ಬಗೆಯ ಪಾತ್ರಗಳಿವೆ. ಆ ಫಾರ್ಮ್ ತೋರಿಸಿ, 'ಸರ್, ನಿಮ್ಮ ಹೆಸರಿನ ಮುಂದೆ ಏನು ಬರೆಯಲಿ?' ಅಂತ ವಿನಯದಿಂದ ಕೇಳಿ. ಕೆಲವರು ತಾವೇ ಹಿಂದೆ ಸರಿಯುತ್ತಾರೆ. ಕೆಲವರು ಕೂತು ಓದಿ ನಿಜವಾಗಿಯೂ ತಿದ್ದಿ ಕೊಡುತ್ತಾರೆ. ಅದೂ ಒಳ್ಳೆಯದೇ, ಆದರೆ ಬರೀ ತಿದ್ದುವುದರಿಂದ ನಾಲ್ಕೂ ಷರತ್ತು ತುಂಬುವುದಿಲ್ಲ. ವಿಶ್ಲೇಷಣೆಗೂ ಅವರು ಕೈ ಜೋಡಿಸಬೇಕು.

ಶಾಸ್ತ್ರ ಅಂದಿರಲ್ಲ, ಅದನ್ನು ಪೂರ್ತಿ ಅಲ್ಲಗಳೆಯುವುದಿಲ್ಲ. ಜರ್ನಲ್‌ಗಳೂ ಸಾಚಾ ಅಲ್ಲ. ಲಸಿಕೆಯನ್ನು ಆಟಿಸಂಗೆ ತಳುಕು ಹಾಕಿ ಬ್ರಿಟಿಷ್ ವೈದ್ಯ ವೇಕ್‌ಫೀಲ್ಡ್ ಬರೆದ 1998ರ ತಪ್ಪು ಪೇಪರನ್ನು ದಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆ ಪೂರ್ತಿ ಹಿಂದಕ್ಕೆ ಪಡೆದದ್ದು 2010ರಲ್ಲಿ. 2013ರಲ್ಲಿ ಪತ್ರಕರ್ತ ಜಾನ್ ಬೊಹಾನನ್ ಬೇಕಂತಲೇ ತಪ್ಪು ತುಂಬಿದ ಒಂದು ನಕಲಿ ಪೇಪರನ್ನು 304 ಓಪನ್ ಆಕ್ಸೆಸ್ (ಯಾರು ಬೇಕಾದರೂ ಉಚಿತವಾಗಿ ಓದಬಹುದಾದ) ಜರ್ನಲ್‌ಗಳಿಗೆ ಕಳಿಸಿದರೆ 157 ಒಪ್ಪಿಕೊಂಡವು. ನಮ್ಮ ಜರ್ನಲ್‌ನ ಪೇಪರ್‌ಗಳನ್ನು ಉಲ್ಲೇಖಿಸಿ ಅಂತ ಒತ್ತಾಯಿಸುವ ಸಂಪಾದಕರೂ ಇದ್ದಾರೆ. 1997ರಲ್ಲಿ ಶುರುವಾದ ಕೋಪ್ ಎಂಬ ಪ್ರಕಾಶನ ನೀತಿ ಸಮಿತಿ ಇಂಥದ್ದಕ್ಕೆಲ್ಲ ಮಾರ್ಗಸೂಚಿ ಕೊಡುತ್ತದೆ, ಸದಸ್ಯ ಜರ್ನಲ್ ಮೇಲಿನ ದೂರನ್ನೂ ಕೇಳುತ್ತದೆ. ಆದರೆ ಅದು ಕೋರ್ಟ್ ಅಲ್ಲ. ಇದೆಲ್ಲ ನಿಜ. ಆದರೂ ನಿಮ್ಮ ಪೇಪರ್ ಓದುವವರು ಬೊಹಾನನ್‌ಗೆ ಹೌದು ಅಂದ ಸಂಪಾದಕರಲ್ಲ, ನಿಮ್ಮ ಡೇಟಾ ನಂಬಿ ಮುಂದಿನ ಪ್ರಯೋಗಕ್ಕೆ ಇಳಿಯುವವರು.

ಈಗ ಏನು ಮಾಡಬೇಕು? ಎರಡನೆಯದಾಗಿ ಕಳಿಸಿದ ಜರ್ನಲ್‌ನ ಸಂಪಾದಕರಿಗೆ ಇವತ್ತೇ ಇಮೇಲ್ ಬರೆಯಿರಿ. ಸಹಲೇಖಕರಿಗೂ ಪ್ರತಿ ಹೋಗಲಿ. 'ಈ ಪೇಪರ್ ಇನ್ನೊಂದು ಜರ್ನಲ್‌ನಲ್ಲಿ ಪರಿಶೀಲನೆಯಲ್ಲಿದೆ, ಎರಡು ಕಡೆ ಕಳಿಸಿದ್ದು ನಮ್ಮಿಂದಾದ ತಪ್ಪು, ದಯವಿಟ್ಟು ಹಿಂದಕ್ಕೆ ಪಡೆಯಲು ಅವಕಾಶ ಕೊಡಿ' ಅಂತ ಮೂರು ಸಾಲು ಸಾಕು. ಬೇರೆ ಕಾರಣ ಕಟ್ಟಬೇಡಿ. ಕೆಲವು ಸಲ ಎರಡೂ ಕಡೆ ಒಬ್ಬರೇ ರಿವ್ಯೂವರ್ ಇರುತ್ತಾರೆ, ಅವರು ಸಂಪಾದಕರಿಗೆ ಬರೆಯುವ ಮೊದಲೇ ನಿಮ್ಮ ಪತ್ರ ತಲುಪಿರಬೇಕು. ವಾಪಸ್ ಪಡೆದದ್ದಕ್ಕೆ ಲಿಖಿತ ದೃಢೀಕರಣ ಬಂದ ಮೇಲೆ ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮೊದಲನೇ ಜರ್ನಲ್‌ನವರು ಕೇಳಿದರೆ ತೋರಿಸಬೇಕಾಗುತ್ತದೆ.