ಗ್ರೀನ್ ಟೀ ಕುಡಿದರೆ ಬಿಪಿ ಮಾತ್ರೆಯ ಪರಿಣಾಮ ತಗ್ಗುತ್ತದೆಯೇ?

ಪ್ರಶ್ನೆ: ನನಗೆ 58 ವರ್ಷ. ಆರು ವರ್ಷಗಳಿಂದ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿದ್ದು, ಬಿಪಿ ಹತೋಟಿಯಲ್ಲಿದೆ. ಈಚೆಗೆ ಮಗಳ ಒತ್ತಾಯಕ್ಕೆ ದಿನಕ್ಕೆ ಮೂರು ಕಪ್ ಗ್ರೀನ್ ಟೀ ಕುಡಿಯುತ್ತಿದ್ದೇನೆ. ಬೆಳಗಿನ ಮಾತ್ರೆಯನ್ನೂ ಅದರ ಜೊತೆಗೇ ನುಂಗುತ್ತೇನೆ. ಹೀಗೆ ಮಾಡಿದರೆ ಮಾತ್ರೆ ಕೆಲಸ ಮಾಡುವುದಿಲ್ಲ ಎಂದು ಸ್ನೇಹಿತರೊಬ್ಬರು ಹೆದರಿಸಿದ್ದಾರೆ. ಇನ್ನೊಬ್ಬರು, ಗ್ರೀನ್ ಟೀಯಿಂದಲೇ ಬಿಪಿ ಇಳಿಯುತ್ತದೆ, ಮಾತ್ರೆ ಬಿಟ್ಟುಬಿಡಿ ಎನ್ನುತ್ತಾರೆ. ಯಾರ ಮಾತನ್ನು ನಂಬಲಿ?

ಉತ್ತರ: ಮಾತ್ರೆ ಬಿಡಿ ಎಂದವರ ಮಾತನ್ನು ದಯವಿಟ್ಟು ಕೇಳಬೇಡಿ. ಗ್ರೀನ್ ಟೀಯನ್ನು ದಿನವೂ ಕುಡಿಯುವವರಲ್ಲಿ ರಕ್ತದೊತ್ತಡ ಸ್ವಲ್ಪ ಇಳಿಯುವುದು ನಿಜ. ಆದರೆ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಇಳಿಕೆ ಮೇಲಿನ ಅಂಕಿಯಲ್ಲಿ ಸರಾಸರಿ 2ರಷ್ಟು ಮಾತ್ರ; ಸಾಮಾನ್ಯ ಪ್ರಮಾಣದ ಒಂದು ಬಿಪಿ ಮಾತ್ರೆ ಸರಾಸರಿ 9ರಷ್ಟು ಇಳಿಸುತ್ತದೆ. ನಿಮ್ಮ ಬಿಪಿ ಈಗ ಹತೋಟಿಯಲ್ಲಿರುವುದು ಮಾತ್ರೆಯ ದೆಸೆಯಿಂದ. ಕೆಲವು ಗುಂಪಿನ ಮಾತ್ರೆಗಳನ್ನು, ಅದರಲ್ಲೂ ಬೀಟಾ ಬ್ಲಾಕರ್‌ಗಳನ್ನು, ಏಕಾಏಕಿ ನಿಲ್ಲಿಸಿದರೆ ಒತ್ತಡ ಮತ್ತು ಹೃದಯ ಬಡಿತ ಎರಡೂ ಒಮ್ಮೆಲೇ ಏರಿ, ಹೃದಯದ ತೊಂದರೆ ಇರುವವರಿಗೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು.

ಮೊದಲ ಸ್ನೇಹಿತರ ಮಾತಿಗೆ ಆಧಾರವಿದೆ, ಆದರೆ ಅದು ಎಲ್ಲ ಮಾತ್ರೆಗಳಿಗೂ ಅನ್ವಯಿಸುವುದಿಲ್ಲ. ಈ ವಿಷಯದಲ್ಲಿ ಹೆಚ್ಚಾಗಿ ಉಲ್ಲೇಖವಾಗುವುದು ಜಪಾನಿನ ಫುಕುಶಿಮಾ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನ. ಆರೋಗ್ಯವಂತರಾದ 10 ಮಂದಿ 14 ದಿನಗಳ ಕಾಲ ದಿನಕ್ಕೆ 700 ಮಿಲಿಲೀಟರ್ ಗ್ರೀನ್ ಟೀ ಕುಡಿದ ಬಳಿಕ ಅವರಿಗೆ ನಡೊಲಾಲ್ ಎಂಬ ಬೀಟಾ ಬ್ಲಾಕರ್‌ನ 30 ಮಿಲಿಗ್ರಾಂ ಕೊಟ್ಟು ರಕ್ತದಲ್ಲಿ ಅದರ ಮಟ್ಟವನ್ನು ಅಳೆಯಲಾಯಿತು. ಬರೀ ನೀರು ಕುಡಿದಿದ್ದಾಗಿನ ಮಟ್ಟಕ್ಕೆ ಹೋಲಿಸಿದರೆ ಅದು ಸುಮಾರು 85 ಪ್ರತಿಶತ ಕುಸಿದಿತ್ತು, ಮೇಲಿನ ಒತ್ತಡವನ್ನು ಇಳಿಸುವ ಅದರ ಶಕ್ತಿಯೂ ಕುಂದಿತ್ತು. ನಡೊಲಾಲ್ ಯಕೃತ್ತಿನಲ್ಲಿ ಒಡೆಯದೆ ಮೂತ್ರದ ಮೂಲಕ ಹಾಗೆಯೇ ಹೊರಹೋಗುವ ಔಷಧ. ಮೂತ್ರಪಿಂಡಗಳು ಅದನ್ನು ಹೊರಹಾಕುವ ವೇಗ ಬದಲಾಗಿರಲಿಲ್ಲವಾದ್ದರಿಂದ, ಔಷಧ ಕರುಳಿನಿಂದ ರಕ್ತಕ್ಕೆ ಸೇರುವ ಹಂತದಲ್ಲೇ ತಡೆ ಬಿದ್ದಿದೆ ಎಂದು ಸಂಶೋಧಕರು ತರ್ಕಿಸಿದರು.

ಈ ತಡೆ ಹೇಗೆ ಬೀಳುತ್ತದೆ ಎಂಬುದನ್ನು ತಿಳಿದರೆ ನಿಮ್ಮ ಮಾತ್ರೆಯ ವಿಷಯವೂ ಸ್ಪಷ್ಟವಾಗುತ್ತದೆ. ಕರುಳಿನ ಒಳಪದರದ ಕೋಶಗಳಲ್ಲಿ ಸಾಗಣೆ ಪ್ರೋಟೀನುಗಳಿವೆ. ನೀರಿನಲ್ಲಿ ಕರಗುವ ಕೆಲವು ಔಷಧಗಳಿಗೆ ಅವು ಬಾಗಿಲುಗಳಿದ್ದಂತೆ. ಗ್ರೀನ್ ಟೀಯಲ್ಲಿ ಹೇರಳವಾಗಿರುವ ಕ್ಯಾಟೆಚಿನ್‌ಗಳು, ಮುಖ್ಯವಾಗಿ ಇಜಿಸಿಜಿ ಎಂಬುದು, ಇಂಥ ಕೆಲವು ಪ್ರೋಟೀನುಗಳ ಕೆಲಸಕ್ಕೆ ಅಡ್ಡಿಪಡಿಸುತ್ತವೆ. ನಡೊಲಾಲ್ ಇವನ್ನು ನೆಚ್ಚಿಕೊಂಡಿರುವ ಔಷಧವೆಂದು ತಿಳಿಯಲಾಗಿದೆ. ಅದೇ ಗುಂಪಿನ ಪ್ರೊಪ್ರನೊಲಾಲ್, ಮೆಟೊಪ್ರೊಲಾಲ್ ಕೊಬ್ಬಿನಲ್ಲಿ ಕರಗುವ ಸ್ವಭಾವದವು. ಅವು ಕರುಳಿನ ಗೋಡೆಯನ್ನು ಬಹುಮಟ್ಟಿಗೆ ತಾವಾಗಿಯೇ ದಾಟುತ್ತವೆ. ಹಾಗಾಗಿ ಬೀಟಾ ಬ್ಲಾಕರ್ ಎಂಬ ಗುಂಪಿನ ಹೆಸರಷ್ಟನ್ನೇ ಕೇಳಿ ಗಾಬರಿಯಾಗುವ ಅಗತ್ಯವಿಲ್ಲ. ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರಗಳಲ್ಲಿರುವ ಔಷಧದ ಮೂಲ ಹೆಸರನ್ನು ಓದಬೇಕು. ನಿಮ್ಮ ಪತ್ರದಲ್ಲಿ ಆ ಹೆಸರಿಲ್ಲ. ಅದು ನಡೊಲಾಲ್ ಆಗಿದ್ದರೆ ಗ್ರೀನ್ ಟೀಯನ್ನು ಪೂರ್ತಿ ಬಿಡುವುದೇ ಸರಿ. ಅಧ್ಯಯನದಲ್ಲಿ ಎರಡು ವಾರಗಳ ಸತತ ಸೇವನೆಯ ನಂತರದ ಪರಿಣಾಮವನ್ನು ನೋಡಲಾಗಿತ್ತಾದ್ದರಿಂದ, ಒಂದೆರಡು ಗಂಟೆ ಅಂತರ ಕೊಟ್ಟರೆ ಸಾಕೆಂದು ನಾನು ಭರವಸೆ ಕೊಡಲಾರೆ. ಬೇರೆ ಮಾತ್ರೆಯಾಗಿದ್ದರೆ ದಿನಕ್ಕೆ ಒಂದೆರಡು ಕಪ್ ಕುಡಿಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ, ಆದರೆ ಮುಂದಿನ ಭೇಟಿಯಲ್ಲಿ ಈ ಅಭ್ಯಾಸವನ್ನು ವೈದ್ಯರಿಗೆ ತಪ್ಪದೆ ತಿಳಿಸಿ. ಯಾವ ಔಷಧ ತೆಗೆದುಕೊಳ್ಳುತ್ತೀರಿ ಎಂದು ಕೇಳಿದಾಗ ಯಾರೂ ಚಹಾದ ಹೆಸರು ಹೇಳುವುದಿಲ್ಲ, ಹೀಗಾಗಿ ಅದು ಚೀಟಿಯಲ್ಲಿ ದಾಖಲಾಗುವುದೇ ಇಲ್ಲ.

ಮಾತ್ರೆ ಯಾವುದೇ ಇರಲಿ, ಅದನ್ನು ನುಂಗಲು ನೀರು ಮಾತ್ರ ಬಳಸಿ. ಹಣ್ಣಿನ ರಸವೂ ಬೇಡ: ಸೇಬಿನ ರಸದೊಂದಿಗೆ ತೆಗೆದುಕೊಂಡಾಗ ಬಿಪಿ ಔಷಧವಾದ ಅಟೆನೊಲಾಲ್‌ನ ಹೀರಿಕೆ ಬಹಳ ಕುಗ್ಗುತ್ತದೆ, ಗ್ರೇಪ್‌ಫ್ರೂಟ್ ರಸದೊಂದಿಗೆ ಇನ್ನೊಂದು ಬಿಪಿ ಔಷಧವಾದ ಫೆಲೊಡಿಪಿನ್‌ನ ಮಟ್ಟ ಇದಕ್ಕೆ ತದ್ವಿರುದ್ಧವಾಗಿ ಅಪಾಯಕರವಾಗಿ ಏರುತ್ತದೆ.

ಇನ್ನು ಕೆಫೀನ್. ಒಂದು ಕಪ್ ಗ್ರೀನ್ ಟೀಯಲ್ಲಿ ಸುಮಾರು 30ರಿಂದ 50 ಮಿಲಿಗ್ರಾಂ ಇರುತ್ತದೆ, ಇದು ಕಾಫಿಯಲ್ಲಿರುವುದಕ್ಕಿಂತ ಕಡಿಮೆ. ಅಭ್ಯಾಸವಿಲ್ಲದವರಲ್ಲಿ ಕೆಫೀನ್ ಕೆಲಹೊತ್ತು ಒತ್ತಡವನ್ನು ಏರಿಸಬಲ್ಲದು. ಕಪ್ ಕೆಳಗಿಟ್ಟ ಕೂಡಲೇ ಬಿಪಿ ನೋಡಿಕೊಂಡು, ಅಂಕಿ ಏರಿದ್ದನ್ನು ಕಂಡು, ಮಾತ್ರೆಯೇ ಕೆಲಸ ಮಾಡುತ್ತಿಲ್ಲವೆಂದು ಕಂಗಾಲಾಗುವವರಿದ್ದಾರೆ. ಬಿಪಿ ನೋಡುವ ಮುಂಚಿನ 30 ನಿಮಿಷ ಚಹಾ, ಕಾಫಿ ಕುಡಿಯಬೇಡಿ. ಬೆನ್ನಿಗೆ ಆನಿಕೆ ಕೊಟ್ಟು, ಪಾದಗಳನ್ನು ನೆಲಕ್ಕೂರಿ, 5 ನಿಮಿಷ ಮಾತಾಡದೆ ಕುಳಿತು, ತೋಳಿನ ಪಟ್ಟಿ ಹೃದಯದ ಮಟ್ಟದಲ್ಲಿರುವಂತೆ ನೋಡಿಕೊಂಡು, ಒಂದು ನಿಮಿಷದ ಅಂತರದಲ್ಲಿ ಎರಡು ಬಾರಿ ಅಳೆದು ಬರೆದಿಡಿ. ಗ್ರೀನ್ ಟೀ ಶುರುಮಾಡುವ ಮೊದಲಿನ ಅಂಕಿಗಳು ನಿಮ್ಮ ಬಳಿ ಇದ್ದರೆ ಈಗಿನವುಗಳೊಂದಿಗೆ ಹೋಲಿಸಿ. ಒಂದು ವಾರದ ಸರಾಸರಿಯೇ ಮೊದಲಿಗಿಂತ ಮೇಲಕ್ಕೆ ಹೋಗಿದ್ದರೆ ಆ ಚೀಟಿಯನ್ನು ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಬಿಪಿಗೆ ಲಿಸಿನೊಪ್ರಿಲ್ ತೆಗೆದುಕೊಳ್ಳುತ್ತೇನೆ. ತೂಕ ಇಳಿಸಲು ಗ್ರೀನ್ ಟೀ ಸಾರದ ಕ್ಯಾಪ್ಸೂಲ್ ಸೇವಿಸಬಹುದೇ? ಗಿಡಮೂಲದ್ದಾದ್ದರಿಂದ ಅಪಾಯವಿಲ್ಲ ಎಂದು ಅಂಗಡಿಯವರು ಹೇಳಿದರು.

ಉತ್ತರ: ಬೇಡ. ಗ್ರೀನ್ ಟೀ ಸಾರದೊಂದಿಗೆ ಕೊಟ್ಟಾಗ ಲಿಸಿನೊಪ್ರಿಲ್‌ನ ಮಟ್ಟ ರಕ್ತದಲ್ಲಿ ಗಣನೀಯವಾಗಿ ತಗ್ಗಿದ್ದು ಮನುಷ್ಯರ ಮೇಲಿನ ಅಧ್ಯಯನದಲ್ಲಿ ಕಂಡುಬಂದಿದೆ. ನಿಮ್ಮ ವಿಷಯದಲ್ಲಿ ಅಷ್ಟೇ ಕಾರಣ ಸಾಕು.

ಅದಕ್ಕೂ ಮಿಗಿಲಾದದ್ದು ಯಕೃತ್ತಿನ ಚಿಂತೆ. ಸೀಸೆಯ ಲೇಬಲ್ಲಿನಲ್ಲಿ ಇಜಿಸಿಜಿ ಎಷ್ಟು ಮಿಲಿಗ್ರಾಂ ಎಂದು ನೋಡಿ. ಕಪ್ಪಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುವ ಈ ವಸ್ತು ಕ್ಯಾಪ್ಸೂಲಿನಲ್ಲಿ ಹಲವು ಕಪ್ಪುಗಳ ಮೊತ್ತವಾಗಿ ಒಂದೇ ಗುಟುಕಿಗೆ ಹೊಟ್ಟೆಗೆ ಇಳಿಯುತ್ತದೆ, ಖಾಲಿ ಹೊಟ್ಟೆಯಲ್ಲಿ ಇನ್ನೂ ಹೆಚ್ಚಾಗಿ ರಕ್ತಕ್ಕೆ ಸೇರುತ್ತದೆ. ಇಂಥ ಪೂರಕಗಳ ಮೂಲಕ ದಿನಕ್ಕೆ 800 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಇಜಿಸಿಜಿ ಸೇವಿಸಿದವರಲ್ಲಿ ಯಕೃತ್ತಿಗೆ ಪೆಟ್ಟು ಬೀಳುತ್ತಿರುವುದನ್ನು ಸೂಚಿಸುವ ಕಿಣ್ವಗಳು ರಕ್ತದಲ್ಲಿ ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಗಿಡದಿಂದ ಬಂದದ್ದೆಂಬ ಮಾತು ಇಲ್ಲಿ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ. ಈಗಾಗಲೇ ಆರಂಭಿಸಿದ್ದರೆ ಕ್ಯಾಪ್ಸೂಲನ್ನು ನಿಲ್ಲಿಸಿ, ಲಿಸಿನೊಪ್ರಿಲ್ ಮುಂದುವರಿಸಿ. ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಬಣ್ಣಕ್ಕೆ ತಿರುಗುವುದು, ಹೊಟ್ಟೆಯ ಬಲ ಮೇಲ್ಭಾಗದಲ್ಲಿ ನೋವು ಅಥವಾ ವಿಪರೀತ ಸುಸ್ತು ಕಂಡರೆ ಅದೇ ದಿನ ವೈದ್ಯರ ಬಳಿಗೆ ಹೋಗಿ, ಸೀಸೆಯನ್ನೂ ಜೊತೆಗೆ ಒಯ್ಯಿರಿ.